ಲಿಂಗನಮಕ್ಕಿಯಿಂದ ನಮ್ಮೂರ ಟಿ.ಸಿ.ವರೆಗೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ಸದಸ್ಯರಿಗಾಗಿ ಏರ್ಪಡಿಸಿದ್ದ ತಿಳುವಳಿಕೆ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಬೀಜ, ಗೊಬ್ಬರ, ವಸೂಲಿ ಇವುಗಳ ಬಗ್ಗೆ ನಮಗಿಂತ ಬಲ್ಲವರು ಮುಂಜಾನೆಯಿಂದ ಮಾತನಾಡಿದ್ದಾರೆ. ನಮ್ಮ ಪಾಲಿಗೆ ಬಂದ ವಿಷಯ ಕರೆಂಟು. ಕಂಬ ಹತ್ತಿ ಇಳಿದು, ಗ್ರಿಡ್ಡಿನಲ್ಲಿ ರಾತ್ರಿಪಾಳಿ ಮಾಡಿ ಬಹಳ ವರ್ಷ ಕಳೆದವರು ನಾವು. ದೊಡ್ಡ ಭಾಷಣ ನಮಗೆ ಬರೂದಿಲ್ಲ. ಕರೆಂಟು ಎಲ್ಲಿ ಹುಟ್ಟತೈತಿ, ಹೆಂಗ ಬರತೈತಿ, ನಮ್ಮ ಹೊಲದ ಅಂಚಿನ ಟಿ.ಸಿ. ಯಾಕ ಸುಡತೈತಿ, ಇಷ್ಟನ್ನು ತಿಳಿದಷ್ಟು ಹೇಳುತ್ತೇವೆ.

ಮೊದಲು ಒಂದು ಕಾಕತಾಳೀಯದ ಮಾತು. ನಮ್ಮ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಅದೇ 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು. ಆ ಕರೆಂಟು ಕಾವೇರಿಯ ಶಿವನಸಮುದ್ರದ್ದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎತ್ತಿಕೊಂಡ ಆ ಕೆಲಸ 1902ರಲ್ಲಿ ಮುಗಿಯಿತು. ಮೊದಲು ಅದು ಊರಿಗೆ ಬರಲಿಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಒಯ್ದರು. ಆ ಕಾಲಕ್ಕೆ ಜಗತ್ತಿನಲ್ಲೇ ಬಹಳ ಉದ್ದದ ಲೈನುಗಳಲ್ಲಿ ಅದೂ ಒಂದು. ಅಂದರೆ ನಮ್ಮ ನಾಡಿನಲ್ಲಿ ಕರೆಂಟು ಮೊದಲು ಗಣಿಗೆ, ಆಮೇಲೆ ಪಟ್ಟಣಕ್ಕೆ, ಕೊನೆಗೆ ಹಳ್ಳಿಗೆ ಬಂತು. ಈ ಸರದಿಯ ನೆರಳು ಇವತ್ತಿಗೂ ಪೂರಾ ಹೋಗಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗೆ ಇದ್ದವು. 1956ರಲ್ಲಿ ಏಕೀಕರಣ ಆಯಿತು, 1957ರಲ್ಲಿ ವಿದ್ಯುತ್ ಮಂಡಳಿ ಬಂತು. ಹಳ್ಳಿಗೆ ಕಂಬ ನೆಡುವ ಕೆಲಸ ಜೋರು ಹಿಡಿದದ್ದು ಆಮೇಲೆ. ಈಗ ಆ ಮಂಡಳಿ ಇಲ್ಲ. ದೊಡ್ಡ ಲೈನು ನೋಡಿಕೊಳ್ಳುವುದು 1999ರಲ್ಲಿ ಆದ ಪ್ರಸರಣ ನಿಗಮ, ಊರಿಗೆ ಹಂಚುವುದು 2002ರಲ್ಲಿ ಹುಬ್ಬಳ್ಳಿಯಲ್ಲಿ ಆದ ಹೆಸ್ಕಾಂ. ಆದರೂ ನಮ್ಮ ಹಿರಿಯರ ಬಾಯಾಗ ಅದು ಇನ್ನೂ ಕೆ.ಇ.ಬಿ.ನ. ಇರಲಿ ಬಿಡ್ರಿ, ಹೆಸರಿನಿಂದ ದೀಪ ಹತ್ತೂದಿಲ್ಲ.

ಈಗ ಕರೆಂಟಿನ ಹುಟ್ಟಿಗೆ ಬರೋಣ. ಒಂದು ತಾಮ್ರದ ಸುರುಳಿ, ಅದರ ಹತ್ತಿರ ಒಂದು ಅಯಸ್ಕಾಂತ. ಅಯಸ್ಕಾಂತವನ್ನು ತಿರುಗಿಸಿದರೆ ಸುರುಳಿಯಲ್ಲಿ ಕರೆಂಟು ಹರಿಯುತ್ತದೆ. ಇಂಗ್ಲೆಂಡಿನ ಫ್ಯಾರಡೆ ಎಂಬ ವಿಜ್ಞಾನಿ 1831ರಲ್ಲಿ ಕಂಡುಹಿಡಿದದ್ದು ಇಷ್ಟೇ. ಸೈಕಲ್ಲಿನ ಡೈನಮೋ ನೋಡಿದವರಿಗೆ ಬೇರೆ ವಿವರ ಬೇಡ. ಗಾಲಿ ತಿರುಗಿದರೆ ದೀಪ, ನಿಂತರೆ ಕತ್ತಲೆ. ದೊಡ್ಡ ಕೇಂದ್ರದಲ್ಲಿಯೂ ಅದೇ ಡೈನಮೋ, ಗಾತ್ರ ಮಾತ್ರ ಮನೆಯಷ್ಟು. ಅದನ್ನು ತಿರುಗಿಸುವವರು ಯಾರು ಎಂಬುದಷ್ಟೇ ಪ್ರಶ್ನೆ. ಶರಾವತಿಯಲ್ಲಿ ನೀರು ತಿರುಗಿಸುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟ ಉಗಿ ತಿರುಗಿಸುತ್ತದೆ. ಕೈಗಾದಲ್ಲಿ ಉಗಿಯೇ, ಆದರೆ ಕಾವು ಯುರೇನಿಯಮ್ಮಿನದು. ಗದಗ ಕಡೆಯ ಗುಡ್ಡಗಳ ಮೇಲೆ ಕಾಣುವ ಬಿಳೇ ರೆಕ್ಕೆಗಳನ್ನು ಗಾಳಿ ತಿರುಗಿಸುತ್ತದೆ. ಸೋಲಾರ್ ಒಂದೇ ಇದಕ್ಕೆ ಹೊರತು, ಅದರಲ್ಲಿ ತಿರುಗುವುದು ಏನೂ ಇಲ್ಲ, ಬಿಸಿಲು ಬಿದ್ದ ಹಲಗೆಯೇ ಕರೆಂಟು ಕೊಡುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಆಗಿದೆ.

ಶರಾವತಿಯ ಬಗ್ಗೆ ತುಸು ಹೆಚ್ಚು ಹೇಳಬೇಕು. ಹಾವೇರಿಯಿಂದ ಹಕ್ಕಿ ಹಾರುವ ದಾರಿಯಲ್ಲಿ ಜೋಗ ಸುಮಾರು 90 ಕಿಲೋಮೀಟರ್ ಅಷ್ಟೇ. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರಲ್ಲಿ ಉದ್ಘಾಟನೆ ಆಯಿತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ, ನೀರನ್ನು ಬೇರೆ ದಾರಿಯಲ್ಲಿ ತಿರುಗಿಸಿ ಘಟ್ಟದ ಕೆಳಗೆ ಇಳಿಸಿದರು. ಆ ಶರಾವತಿ ಕೇಂದ್ರದಲ್ಲಿ ಹತ್ತು ಯಂತ್ರಗಳು, ಒಂದೊಂದೂ 103.5 ಮೆಗಾವ್ಯಾಟ್, ಒಟ್ಟು 1,035. ದೊಡ್ಡ ದೊಡ್ಡ ಕೊಳವೆಗಳಲ್ಲಿ ನೀರು ಸಾವಿರದ ನಾಲ್ಕುನೂರು ಅಡಿಯ ಆಸುಪಾಸು ಕೆಳಗೆ ಧುಮುಕಿ, ಬಟ್ಟಲು ಜೋಡಿಸಿದಂಥ ಗಾಲಿಗೆ ಹೊಡೆಯುತ್ತದೆ. ಅಷ್ಟು ಎತ್ತರದಿಂದ ಬಿದ್ದ ಒಂದು ಸಾವಿರ ಲೀಟರ್ ನೀರು ಕೊಡುವ ಕರೆಂಟು ಸುಮಾರು ಒಂದು ಯೂನಿಟ್. ನೆನಪಿಡ್ರಿ, ಐದು ಬ್ಯಾರೆಲ್ ನೀರು, ಒಂದು ಯೂನಿಟ್. ಒಂದು ಯೂನಿಟ್ ಅಂದರೆ ನೂರು ಕ್ಯಾಂಡಲಿನ ಹಳೇ ಬಲ್ಬು ಹತ್ತು ತಾಸು ಉರಿದಷ್ಟು. ಶಕ್ತಿನಗರದಲ್ಲಿ ಅದೇ ಒಂದು ಯೂನಿಟ್ಟಿಗೆ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಸುಡಬೇಕು. ಅದು ರೈಲಿನಲ್ಲಿ ಹೊರ ರಾಜ್ಯದಿಂದ ಬರಬೇಕು.

ನಿಮ್ಮ ಐದು ಎಚ್.ಪಿ. ಪಂಪ್‌ಸೆಟ್ಟು ಒಂದು ತಾಸು ನಡೆದರೆ ನಾಲ್ಕೂವರೆ ಯೂನಿಟ್ ಹತ್ತಿರ ನುಂಗುತ್ತದೆ. ಅಂದರೆ ಲಿಂಗನಮಕ್ಕಿಯ ನಾಲ್ಕೂವರೆ ಸಾವಿರ ಲೀಟರ್ ನೀರು ಘಟ್ಟ ಇಳಿದು ಹೋದಂತಾಯಿತು. ಅದರ ಬದಲಿಗೆ 400 ಅಡಿ ಆಳದ ಬೋರಿನಿಂದ ಮೇಲೆ ಬರುವ ನೀರು ಐದಾರು ಸಾವಿರ ಲೀಟರ್. ಅಲ್ಲಿ ಸಾವಿರದ ನಾಲ್ಕುನೂರು ಅಡಿ ಬಿದ್ದ ನೀರು, ಇಲ್ಲಿ ನಾಲ್ಕುನೂರು ಅಡಿಯಿಂದ ಹೆಚ್ಚು ಕಡಿಮೆ ತನ್ನಷ್ಟೇ ನೀರನ್ನು ಎತ್ತುತ್ತದೆ. ಉಳಿದ ಶಕ್ತಿ ಎಲ್ಲಿ ಹೋತು? ಯಂತ್ರದಾಗ, ತಂತಿಯಾಗ, ಟಿ.ಸಿ.ಯಾಗ, ಮೋಟಾರಿನಾಗ, ಪಂಪಿನಾಗ ಬಿಸಿಯಾಗಿ ಹೋತು. ಹಳೇ ಮೋಟಾರು ಮೂರು ಸಲ ರಿವೈಂಡಿಂಗ್ ಮಾಡಿಸಿದ್ದಾದರೆ ಇನ್ನೂ ಹೆಚ್ಚು ಹೋಗುತ್ತದೆ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಬಾರದು. ಲಿಂಗನಮಕ್ಕಿಯ ನೀರಿನ ಕೆಳಗೆ ಊರುಗಳಿವೆ. ಸಾಗರ, ಹೊಸನಗರ ಸೀಮೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟ ಬಿಟ್ಟು ಎದ್ದು ಹೋದವು. ಆ ಮುಳುಗಡೆಯ ಮಂದಿಗೆ ಕೊಟ್ಟ ಜಮೀನಿನ ಹಕ್ಕುಪತ್ರದ ತಕರಾರು ಅರವತ್ತು ವರ್ಷ ಕಳೆದರೂ ಮುಗಿದಿಲ್ಲ. ನಮ್ಮ ಮನೆಯ ದೀಪಕ್ಕೆ ಅವರ ಊರು ಎಣ್ಣೆಯಾಯಿತು ಎಂದರೆ ಹೆಚ್ಚಿನ ಮಾತಲ್ಲ. ಸರಕಾರ 2008ರಿಂದ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಬಿಲ್ ಮಾಫಿ ಮಾಡಿದೆ, 2023ರಿಂದ ಗೃಹಜ್ಯೋತಿ ಬಂದಿದೆ. ಒಳ್ಳೆಯದೇ. ಆದರೆ ಬಿಲ್ ಬರಲಿಲ್ಲ ಅಂದ ಮಾತ್ರಕ್ಕ ಕರೆಂಟು ಪುಕ್ಕಟೆ ಹುಟ್ಟತೈತಿ ಅಂತ ತಿಳೀಬಾರದು.

ಹುಟ್ಟಿದ ಕರೆಂಟು ಹೆಂಗ ಬರತೈತಿ? ಇಲ್ಲಿ ಬಹಳ ಮಂದಿ ಕೇಳುವ ಪ್ರಶ್ನೆ: ಮನೆಗೆ ಬೇಕಾದ್ದು 230 ವೋಲ್ಟ್, ಮತ್ತೆ ಆ ದೊಡ್ಡ ಗೋಪುರದ ತಂತಿಯಲ್ಲಿ 2,20,000 ವೋಲ್ಟ್, 4,00,000 ವೋಲ್ಟ್ ಯಾಕೆ? ಬ್ಯಾಡಗಿ ಪ್ಯಾಟಿಗೆ ಹೋಗಿ ಮೆಣಸಿನಕಾಯಿ ಮಾರಿ ಒಂದು ಲಕ್ಷ ರೂಪಾಯಿ ಬಂತು ಅನ್ನಿರಿ. ಎಲ್ಲಾ ಒಂದೊಂದು ರೂಪಾಯಿ ನಾಣ್ಯವಾಗಿ ಕೊಟ್ಟರೆ ಚೀಲ ಹೊರಲಿಕ್ಕೆ ಹಮಾಲರು ಬೇಕು, ದಾರಿಯಲ್ಲಿ ಚೀಲ ಹರಿದು ಚಿಲ್ಲರೆ ಉದುರುತ್ತದೆ. ಐನೂರರ ನೋಟಾದರೆ ಅಂಗಿ ಕಿಸೆಯಲ್ಲಿ ಬಂದುಬಿಡುತ್ತದೆ. ಊರಿಗೆ ಬಂದ ಮೇಲೆ ಅಂಗಡಿಯಲ್ಲಿ ಚಿಲ್ಲರೆ ಮಾಡಿಸಿದರಾಯಿತು. ವೋಲ್ಟೇಜು ನೋಟಿನ ಬೆಲೆ ಇದ್ದಂತೆ, ಆಂಪಿಯರು ನೋಟಿನ ಸಂಖ್ಯೆ ಇದ್ದಂತೆ. ಎರಡನ್ನೂ ಗುಣಿಸಿದರೆ ಬರುವ ಶಕ್ತಿ ಅಷ್ಟೇ. ಆದರೆ ತಂತಿ ಬಿಸಿಯಾಗುವುದು ಆಂಪಿಯರಿನಿಂದ, ಅದೂ ವರ್ಗದ ಲೆಕ್ಕದಲ್ಲಿ. ಆಂಪಿಯರು ಎರಡು ಪಟ್ಟಾದರೆ ಪೋಲು ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. 100 ಕಿಲೋವ್ಯಾಟ್ ಕರೆಂಟನ್ನು 400 ವೋಲ್ಟಿನಲ್ಲಿ ಕಳಿಸಿದರೆ ತಂತಿಯಲ್ಲಿ ಸುಮಾರು 144 ಆಂಪಿಯರ್ ಹರಿಯಬೇಕು. 11,000 ವೋಲ್ಟಿನಲ್ಲಿ ಕಳಿಸಿದರೆ ಐದು ಆಂಪಿಯರ್ ಚಿಲ್ಲರೆ ಸಾಕು. ಅದೇ ತಂತಿಯಲ್ಲಿ ಪೋಲು ಏಳುನೂರು ಪಟ್ಟಿಗೂ ಹೆಚ್ಚು ಇಳಿಯುತ್ತದೆ.

ಈ ನೋಟು-ಚಿಲ್ಲರೆ ಕೆಲಸ ಮಾಡುವ ಅಂಗಡಿಯೇ ಟ್ರಾನ್ಸ್‌ಫಾರ್ಮರ್. ನಮ್ಮ ಬಾಯಲ್ಲಿ ಟಿ.ಸಿ. ಒಂದು ಕಬ್ಬಿಣದ ತಿರುಳು, ಅದರ ಮೇಲೆ ಎರಡು ಸುರುಳಿ, ಒಂದರಲ್ಲಿ ಸುತ್ತು ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ಸುತ್ತಲೂ ಎಣ್ಣೆ. ತಿರುಗುವ ಭಾಗ ಒಂದೂ ಇಲ್ಲ. ಕೇಂದ್ರದಲ್ಲಿ ಕರೆಂಟಿನ ಒತ್ತಡ ಏರಿಸುತ್ತಾರೆ. ಅದು 220 ಕೆ.ವಿ., 400 ಕೆ.ವಿ. ಗೋಪುರಗಳ ಮೇಲೆ ಬಂದು ಹಾವೇರಿ, ರಾಣೆಬೆನ್ನೂರಿನ ದೊಡ್ಡ ಸ್ಟೇಷನ್ನುಗಳಲ್ಲಿ ಇಳಿಯುತ್ತದೆ. ಅಲ್ಲಿಂದ 110 ಕೆ.ವಿ., 33 ಕೆ.ವಿ. ಆಗಿ ಹೋಬಳಿಯ ಗ್ರಿಡ್ಡಿಗೆ, ಗ್ರಿಡ್ಡಿನಿಂದ 11 ಕೆ.ವಿ. ಫೀಡರಾಗಿ ಊರಿಗೆ, ಊರಿನ ಟಿ.ಸಿ.ಯಲ್ಲಿ 400 ವೋಲ್ಟ್ ತ್ರೀಫೇಸ್ ಆಗಿ ಪಂಪಿಗೆ, ಒಂದು ಫೇಸು ಮತ್ತು ನ್ಯೂಟ್ರಲ್ ಸೇರಿ 230 ಆಗಿ ಮನೆಗೆ.

ಇದಕ್ಕೆಲ್ಲ ಒಂದು ವಿಚಿತ್ರ ಕಟ್ಟಳೆ ಇದೆ. ಈ ಕರೆಂಟನ್ನು ಮೆಣಸಿನಕಾಯಿಯಂತೆ ಚೀಲ ತುಂಬಿ ಇಡಲು ಬರುವುದಿಲ್ಲ. ಬ್ಯಾಟರಿ, ನೀರು ಮೇಲೆತ್ತಿಡುವ ಕೇಂದ್ರ ಇವು ಬರುತ್ತಿವೆ, ಆದರೆ ಒಟ್ಟು ಲೆಕ್ಕದಲ್ಲಿ ಇನ್ನೂ ಸಣ್ಣವು. ಈ ಕ್ಷಣ ಖರ್ಚಾಗುವಷ್ಟನ್ನು ಈ ಕ್ಷಣವೇ ಹುಟ್ಟಿಸಬೇಕು. ದೇಶದ ಎಲ್ಲ ಯಂತ್ರಗಳೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ಒಂದೇ ಹೆಜ್ಜೆ ಹಾಕಬೇಕು. ಆ ಹೆಜ್ಜೆ ಸೆಕೆಂಡಿಗೆ 50 ಸಲ, ಇದಕ್ಕೇ 50 ಸೈಕಲ್ ಅನ್ನುವುದು. ಚಕ್ಕಡಿ ದಿನ್ನೆ ಏರುವಾಗ ಎತ್ತುಗಳ ಹೆಜ್ಜೆ ನಿಧಾನ ಆಗುವಂತೆ, ಬೇಡಿಕೆ ಏರಿದರೆ 50 ಇಳಿಯಲು ಸುರುವಾಗುತ್ತದೆ. ಆಗ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಶರಾವತಿಯ ಇನ್ನೊಂದು ಯಂತ್ರ ಚಾಲೂ ಮಾಡಿಸಬೇಕು, ಇಲ್ಲಾ ಹೊರಗಿನಿಂದ ಕೊಳ್ಳಬೇಕು. ಎರಡೂ ಆಗದಿದ್ದರೆ ಕೆಲವು ಫೀಡರು ತೆಗೆಸಬೇಕು. ನಾವು ಲೋಡ್ ಶೆಡ್ಡಿಂಗ್ ಎಂದು ಬೈಯುವುದು ಇದನ್ನೇ. ತೆಗೆಯದೇ ಹೋದರೆ ಏನಾಗುತ್ತದೆ ಎಂಬುದನ್ನು 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ನೋಡಿತು. ಒಂದರ ಹಿಂದೆ ಒಂದು ಲೈನು ಬಿದ್ದು ಎರಡನೇ ದಿನ 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ ಕತ್ತಲಾಯಿತು. ದಕ್ಷಿಣದ ಗ್ರಿಡ್ಡು ಆಗ ಆ ನೊಗಕ್ಕೆ ಕಟ್ಟಿರಲಿಲ್ಲವಾಗಿ ನಾವು ಬಚಾವಾದೆವು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆ.ವಿ. ಲೈನು ಚಾಲೂ ಆಗಿ ನಾವೂ ಅದೇ ನೊಗಕ್ಕೆ ಬಂದೆವು. ಲಾಭವೂ ಕೂಡಿ, ಅಪಾಯವೂ ಕೂಡಿ.

ನಮ್ಮ ಜಿಲ್ಲೆಯ ಮಟ್ಟಿಗೆ ಕಷ್ಟದ ಕಾಲ ಫೆಬ್ರುವರಿಯಿಂದ ಏಪ್ರಿಲ್. ಜಲಾಶಯ ಇಳಿಯುವುದು ಆಗಲೇ, ಬೋರು ಹೆಚ್ಚು ತಾಸು ನಡೆಯುವುದು ಆಗಲೇ, ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಗಾಡಿಗಳು ಸಾಲು ಹಚ್ಚುವುದೂ ಆಗಲೇ. ದರ ಬರಲಿಲ್ಲವೆಂದು ರೈತ ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರೆ ಅಲ್ಲಿಯ ಕಂಪ್ರೆಸರು ಬೇಸಿಗೆಯುದ್ದಕ್ಕೂ ನಡೆಯಬೇಕು. ಮೆಣಸಿನಕಾಯಿಯ ಕೆಂಪು ಬಣ್ಣವೇ ಅದರ ಬೆಲೆ, ಆ ಬಣ್ಣ ಉಳಿಯುವುದು ತಂಪಿನಲ್ಲಿ. ಕರೆಂಟು ಹೋದರೆ ಜನರೇಟರಿನ ಡೀಸೆಲ್ ಖರ್ಚು ಕೊನೆಗೆ ಬಂದು ಕೂಡುವುದು ಮಾಲು ಇಟ್ಟವನ ಲೆಕ್ಕಕ್ಕೇ. ರಾಣೆಬೆನ್ನೂರಿನ ಬೀಜದ ಗೋದಾಮು, ಹತ್ತಿ ಜಿನ್ನಿಂಗು, ನಮ್ಮ ಹಿಟ್ಟಿನ ಗಿರಣಿ, ಎಲ್ಲಕ್ಕೂ ಇದೇ ಕಥೆ.

ಈಗ ಟಿ.ಸಿ. ಸುಡುವ ವಿಷಯ. ಇದನ್ನು ಕಿವಿಗೊಟ್ಟು ಕೇಳ್ರಿ.

ಹೊಲದ ಅಂಚಿಗೆ ಇರುವ ಟಿ.ಸಿ. ಸಾಮಾನ್ಯವಾಗಿ 25, 63 ಇಲ್ಲವೆ 100 ಕೆ.ವಿ.ಎ. ಒಂದು ಐದು ಎಚ್.ಪಿ. ಮೋಟಾರು ಐದೂವರೆ ಕೆ.ವಿ.ಎ. ಭಾರ ಹಾಕುತ್ತದೆ. ಅರವತ್ಮೂರನ್ನು ಐದೂವರೆಯಿಂದ ಭಾಗಿಸ್ರಿ, ಹನ್ನೊಂದು ಮೋಟಾರು. ಪುಸ್ತಕದಲ್ಲಿ ಹನ್ನೊಂದೇ ಇರುತ್ತವೆ. ಹೊಲಕ್ಕೆ ಹೋಗಿ ಎಣಿಸಿದರೆ ಹದಿನಾರೋ ಹದಿನೇಳೋ ಸಿಗುತ್ತವೆ. ಅದರಲ್ಲಿ ಕೆಲವಕ್ಕೆ ಐದರ ಹೆಸರಿನಲ್ಲಿ ಏಳೂವರೆ ಎಚ್.ಪಿ. ಕೂಡಿಸಿರುತ್ತಾರೆ, ಯಾಕಂದ್ರ ನೀರು ಆಳಕ್ಕ ಹೋಗೈತಿ. ತ್ರೀಫೇಸ್ ಬಂದ ತಕ್ಷಣ ಆಟೋ ಸ್ಟಾರ್ಟರಿನಿಂದ ಎಲ್ಲ ಮೋಟಾರೂ ಒಂದೇ ಸಲ ಎದ್ದರೆ ಇನ್ನೂ ಕೆಟ್ಟದ್ದು. ಮೋಟಾರು ಏಳುವಾಗ ನಡೆಯುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಎಣ್ಣೆ ಕಾಯುತ್ತದೆ, ಸುರುಳಿಯ ಮೇಲಿನ ಕಾಗದ ಕರಕಾಗುತ್ತದೆ, ಒಂದು ದಿನ ಢಂ ಎನ್ನುತ್ತದೆ. ಹೊಸ ಟಿ.ಸಿ. ಬರುವವರೆಗೆ ಹದಿನಾರು ಹೊಲವೂ ಒಣಗಬೇಕು. ಹೊಸದು ಬಂದರೂ ಅದೇ ಹದಿನಾರು ಮೋಟಾರು ಕೂಡಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಇದಕ್ಕೆ ಮಾಡಬಹುದಾದ ಕೆಲಸ ಮೂರು ನಾಲ್ಕು ಇವೆ. ಒಂದು ಟಿ.ಸಿ.ಗೆ ಸೇರಿದ ರೈತರು ಒಂದು ಕಡೆ ಕೂತು ನಿಜವಾದ ಮೋಟಾರುಗಳ ಪಟ್ಟಿ ಮಾಡಬೇಕು. ನಿಜ ಲೆಕ್ಕ ಕೊಟ್ಟರೆ ಹೆಚ್ಚಿನ ಟಿ.ಸಿ. ಕೇಳುವ ಹಕ್ಕು ಬರುತ್ತದೆ, ಮುಚ್ಚಿಟ್ಟರೆ ಕೇಳಲು ಬಾಯಿ ಇರುವುದಿಲ್ಲ. ಅರ್ಧ ಮೋಟಾರು ಮೊದಲ ಪಾಳಿ, ಅರ್ಧ ಎರಡನೇ ಪಾಳಿ ಎಂದು ಹಂಚಿಕೊಂಡರೆ ಟಿ.ಸಿ.ಯೂ ಉಳಿಯುತ್ತದೆ, ವೋಲ್ಟೇಜೂ ನಿಲ್ಲುತ್ತದೆ. ಮತ್ತೆ ಪ್ರತಿ ಮೋಟಾರಿಗೆ ಕೆಪ್ಯಾಸಿಟರ್ ಕೂಡಿಸಬೇಕು. ಐದು ಎಚ್.ಪಿ.ಗೆ ಎರಡು ಕೆ.ವಿ.ಎ.ಆರ್.ನದು ಸಾಕು. ಮೋಟಾರು ಎಳೆಯುವ ಕರೆಂಟಿನಲ್ಲಿ ಒಂದು ಭಾಗ ನೀರೆತ್ತುವ ಕೆಲಸಕ್ಕೆ ಬರುವುದೇ ಇಲ್ಲ, ಸುರುಳಿಯಲ್ಲಿ ಅಯಸ್ಕಾಂತ ಎಬ್ಬಿಸಲಿಕ್ಕೆ ಹೋಗಿ ಬರುತ್ತಿರುತ್ತದೆ. ಕೆಪ್ಯಾಸಿಟರ್ ಇದ್ದರೆ ಆ ಓಡಾಟ ಮೋಟಾರಿನ ಹತ್ತಿರವೇ ಮುಗಿಯುತ್ತದೆ. ಲೈನಿನ ಕರೆಂಟು ನೂರಕ್ಕೆ ಹದಿನೈದರಷ್ಟು ಇಳಿಯುತ್ತದೆ. ಹನ್ನೊಂದು ಮೋಟಾರಿನ ಟಿ.ಸಿ.ಯಲ್ಲಿ ಹೆಚ್ಚು ಕಡಿಮೆ ಎರಡು ಮೋಟಾರಿನ ಜಾಗ ಬಿಟ್ಟಂತೆ.

ಇದನ್ನೂ ಆ ಇನ್ನೊಂದು ಕಂಡೆನ್ಸರನ್ನೂ ಕೂಡಿಸಿ ಗೊಂದಲ ಮಾಡಬ್ಯಾಡ್ರಿ. ಮೊದಲು ರಾತ್ರಿ ಮನೆಯ ದೀಪಕ್ಕೆಂದು ಸಿಂಗಲ್ ಫೇಸ್ ಬಿಟ್ಟಾಗ ಕಂಡೆನ್ಸರ್ ಹಾಕಿ ಪಂಪು ನಡೆಸುವ ರೂಢಿ ಬೆಳೆಯಿತು. ಎಲ್ಲ ಭಾರ ಒಂದೇ ಫೇಸಿನ ಮೇಲೆ ಬಿದ್ದು ಊರಿನ ಬಲ್ಬು ಚಿಮಣಿಯಂತಾಗುತ್ತಿತ್ತು, ಪರೀಕ್ಷೆಗೆ ಓದುವ ಹುಡುಗರು ಕಂದೀಲು ಹಚ್ಚಿಕೊಳ್ಳುತ್ತಿದ್ದರು. ನಿರಂತರ ಜ್ಯೋತಿ ಬಂದು ಊರಿನ ಫೀಡರು, ಪಂಪಿನ ಫೀಡರು ಬೇರೆ ಆದ ಕಡೆ ಆ ಜಗಳ ಬಹಳ ಮಟ್ಟಿಗೆ ತೀರಿದೆ. ಅಡವಿಯಲ್ಲಿ ಮನೆ ಮಾಡಿಕೊಂಡವರಿಗೆ ಇನ್ನೂ ತೀರಿಲ್ಲ. ಗ್ರಿಡ್ಡಿನ ಹತ್ತಿರವೇ ಸೋಲಾರ್ ಕೂಡಿಸಿ ಹಗಲು ಹೊತ್ತು ಪಂಪಿಗೆ ಕರೆಂಟು ಕೊಡುವ ಕುಸುಮ್ ಯೋಜನೆ ನಡೆದಿದೆ. ರಾತ್ರಿ ಹಾವು, ಕೆಸರಿನ ನಡುವೆ ನೀರು ಹಾಯಿಸುವವರಿಗೆ ಅದರ ಬೆಲೆ ಬೇರೆಯವರು ಹೇಳಬೇಕಿಲ್ಲ.

ಸಹಕಾರದ ಮಾತು ಬಂದದ್ದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆ ಆಯಿತು. ಗ್ರಾಹಕರೇ ಶೇರುದಾರರು. ದೇಶದಲ್ಲಿ ಪ್ರಯೋಗಕ್ಕೆಂದು ಆಗ ಎತ್ತಿಕೊಂಡ ಐದು ಸಂಘಗಳಲ್ಲಿ ಅದೊಂದು. ಕರೆಂಟು ಹುಟ್ಟಿಸುವುದು ಅವರ ಕೆಲಸವಲ್ಲ. ಸಗಟಿನಲ್ಲಿ ಕೊಂಡು ಹುಕ್ಕೇರಿ ಸೀಮೆಯ ಹಳ್ಳಿಗಳಿಗೆ ಹಂಚುತ್ತಾರೆ. ನಾವು ಸಾಲ, ಗೊಬ್ಬರ ಹಂಚಿದ ಹಾಗೆ ಅವರು ಕರೆಂಟು ಹಂಚಿದರು. ನಮ್ಮ ಸಂಘ ಅಷ್ಟು ದೊಡ್ಡ ಕೆಲಸ ಹೊರಬೇಕೆಂದು ನಾವು ಅನ್ನುವುದಿಲ್ಲ. ಕೆಪ್ಯಾಸಿಟರ್, ಒಳ್ಳೆಯ ಸ್ಟಾರ್ಟರು, ಐ.ಎಸ್.ಐ. ಗುರುತಿನ ವೈರು ಇವನ್ನು ಗೊಬ್ಬರದ ಜೊತೆ ಸಗಟಿನಲ್ಲಿ ತರಿಸಿ ಕೊಡಬಹುದಲ್ಲ ಎಂದು ಆಡಳಿತ ಮಂಡಳಿಯವರನ್ನು ಕೇಳುತ್ತೇವೆ.

ಇನ್ನು ಜೀವದ ವಿಷಯ. ಟಿ.ಸಿ.ಯ ಫ್ಯೂಸು ಹೋದಾಗ ಲೈನ್‌ಮನ್ನನ ದಾರಿ ನೋಡದೆ ಊರಿನ ಯಾರೋ ಒಬ್ಬ ಧೈರ್ಯಸ್ಥ ಹುಡುಗ ಏರುತ್ತಾನೆ. ಹತ್ತು ಸಲ ಏನೂ ಆಗುವುದಿಲ್ಲ, ಹನ್ನೊಂದನೇ ಸಲ ಹೆಣ ಇಳಿಸಬೇಕಾಗುತ್ತದೆ. ಯಾಕೆ? ಮೇಲೆ ಮೂರು ಫ್ಯೂಸುಗಳಿರುತ್ತವೆ, ಒಂದು ಬಿದ್ದರೂ ಉಳಿದೆರಡರಲ್ಲಿ 11,000 ವೋಲ್ಟ್ ಜೀವಂತ ಇರುತ್ತದೆ. ಕೆಳಗಿನ ಫ್ಯೂಸ್ ಕಿತ್ತು ಕೈಯಲ್ಲಿ ಹಿಡಿದುಕೊಂಡೆ, ಇನ್ನೇನು ಭಯ ಎಂದುಕೊಂಡರೆ ಮೇಲಿನ ಕಡೆ ಕರೆಂಟು ಹಾಗೇ ಇದೆ. ಬಿದ್ದ ಫೇಸಿನಲ್ಲಿಯೂ ಕರೆಂಟು ಇರುವುದಿಲ್ಲ ಎಂದು ಹೇಳಲಾಗದು. ಚಾಲೂ ಇದ್ದ ಯಾವುದೋ ಮೋಟಾರಿನ ಸುರುಳಿಯ ಮೂಲಕ, ಕಂಡೆನ್ಸರಿನ ಮೂಲಕ, ಯಾರದೋ ಮನೆಯ ಜನರೇಟರಿನಿಂದ ಅದು ಹಿಂದಿರುಗಿ ಬರುತ್ತದೆ. ರಿಟರ್ನ್ ಕರೆಂಟ್ ಅನ್ನುವುದು ಇದಕ್ಕೇ. ಇಲಾಖೆಯವರು ಗ್ರಿಡ್ಡಿಗೆ ಹೇಳಿ ಲೈನು ತೆಗೆಸಿ, ತಂತಿಗೆ ಅರ್ಥಿಂಗ್ ಸರಪಳಿ ಹಾಕಿ, ಆಮೇಲೆ ಕೈ ಹಚ್ಚುವುದು ಸುಮ್ಮನೆ ಅಲ್ಲ. ಒಂದು ದಿನ ನೀರು ತಡವಾದರೆ ಬೆಳೆ ಸಾಯುವುದಿಲ್ಲ. ಹುಡುಗನನ್ನು ಏರಿಸಬ್ಯಾಡ್ರಿ, ಏರ್ತೀನಿ ಅಂದರ ಕೈ ಹಿಡಿದು ಜಗ್ರಿ. 1912 ನಂಬರಿಗೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ಕೇಳಿ ಇಟ್ಟುಕೊಳ್ಳಿ.

ಗಾಳಿ ಮಳೆಗೆ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗಬಾರದು. ದನ ಬಿದ್ದಿದ್ದರೂ ಓಡಿ ಹೋಗಬಾರದು. ಹಸಿ ನೆಲದಲ್ಲಿ ಕರೆಂಟು ಹರಡಿರುತ್ತದೆ, ದೊಡ್ಡ ಹೆಜ್ಜೆ ಇಟ್ಟರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹಾಯುತ್ತದೆ. ಅದರ ನಡುವೆ ಸಿಕ್ಕಿಕೊಂಡವರು ಎರಡೂ ಪಾದ ಜೋಡಿಸಿ, ನೆಲ ಬಿಡದೆ ಸಣ್ಣಗೆ ಸರಿಯುತ್ತ ಹೊರಗೆ ಬರಬೇಕು. ಕಂಬದ ಸ್ಟೇ ತಂತಿಗೆ ಎಮ್ಮೆ ಕಟ್ಟುವುದು, ಬಟ್ಟೆ ಒಣಗಿಸುವ ತಂತಿ ಕಟ್ಟುವುದು ಬೇಡ. ಹಂದಿ ಕಾಟಕ್ಕೆ ಬೇಲಿಗೆ ಕರೆಂಟು ಹರಿಸುವವರು ಇದ್ದಾರೆ. ಅದರಲ್ಲಿ ಹಂದಿಗಿಂತ ಮೊದಲು ನೆರೆಹೊಲದವನೋ, ಸ್ವಂತ ಮಗನೋ ಹೋದದ್ದು ನಮ್ಮ ಸೀಮೆಗೆ ಹೊಸ ಸುದ್ದಿಯಲ್ಲ. ಅದು ಅಪರಾಧ, ಜೈಲೂ ಆಗುತ್ತದೆ.

ತಾಯಂದಿರಿಗೆ ಎರಡು ಮಾತು. ಮನೆಯ ಫ್ಯೂಸಿಗೆ ದಪ್ಪ ತಂತಿ ಸುತ್ತಿಸಬೇಡಿ. ಫ್ಯೂಸು ಸುಡುವುದೇ ಅದರ ಧರ್ಮ, ಅದು ಸುಡದಿದ್ದರೆ ಮನೆ ಸುಡುತ್ತದೆ. ಮಿಕ್ಸರು, ಗ್ರೈಂಡರು, ನೀರಿನ ಮೋಟಾರು ಮುಟ್ಟಿದಾಗ ಜುಂ ಎಂದರೆ ಅರ್ಥಿಂಗ್ ಕೆಟ್ಟಿದೆ ಎಂದು ತಿಳಿಯಿರಿ. ಅರ್ಥಿಂಗ್ ಗುಂಡಿಗೆ ಇದ್ದಲಿ, ಉಪ್ಪು ಹಾಕಿಸಿ, ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು ಹಾಕಿ. ಒಣ ಮಣ್ಣು ಕರೆಂಟನ್ನು ಒಯ್ಯುವುದಿಲ್ಲ. ಕೈಲಾದವರು ಮೇನ್ ಬೋರ್ಡಿಗೆ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಹಾಕಿಸಿ. ಮೈಯೊಳಗೆ ಕರೆಂಟು ಹಾಯಲು ಸುರುವಾದ ಕೂಡಲೇ, ಕಣ್ಣು ಮಿಟುಕಿಸುವಷ್ಟರಲ್ಲಿ, ಅದು ಲೈನು ಕಡಿಯುತ್ತದೆ.

ಅಧ್ಯಕ್ಷರು ಗಡಿಯಾರ ನೋಡಾಕತ್ತಾರ, ಊಟದ ಹೊತ್ತೂ ಆತು. ಸಂಘದ ಗೋದಾಮಿನ ಹಿಂದಿನ ಬೋರಿನ ಸ್ಟಾರ್ಟರ್ ಪೆಟ್ಟಿಗೆಯನ್ನು, ಮೇನ್ ಸ್ವಿಚ್ ತೆಗೆದು, ತೆರೆದು ಇಟ್ಟಿದ್ದೇವೆ. ಕೆಪ್ಯಾಸಿಟರ್ ಎಲ್ಲಿ ಕೂಡಿಸಬೇಕು ಎಂಬುದನ್ನು ಕಣ್ಣಾರೆ ನೋಡಬೇಕೆಂದವರು ಊಟಕ್ಕ ಕೂಡೂಕಿಂತ ಮೊದಲ ಅಲ್ಲಿಗೆ ಬರ್ರಿ. ತಮ್ಮ ಟಿ.ಸಿ.ಯ ಮೋಟಾರುಗಳ ಪಟ್ಟಿ ಬರೆಸುವವರಿಗೆ ಅಲ್ಲೇ ಒಂದು ವಹಿ ಇಟ್ಟಿದೆ.